ಹಿಂದಿನ ಬಂಪರಿನ ಮೂರು ಗೆರೆಗಳು

ದೇವರಿಗೆ ಘಂಟೆ ಕಟ್ಟಿ ಇನ್ನೂ ಒಂದೂವರೆ ತಾಸು ಆಗಿರಲಿಲ್ಲ. ಕಾರನ್ನು ಕಲ್ಲಿಗೆ ಗುದ್ದಿದೆ.

ಗುದ್ದಿದ್ದು ಮುಂದಕ್ಕೆ ಹೋಗುವಾಗಲ್ಲ, ಹಿಂದಕ್ಕೆ ಬರುವಾಗ. ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಎರಡು ಸಲ ಫೇಲಾದದ್ದೂ ರಿವರ್ಸಿನಲ್ಲೇ. (ಆ ಕಥೆಯನ್ನು ಇದೇ ಅಂಕಣದಲ್ಲಿ ಬರೆದಿದ್ದೆ. ಆಗ ನಕ್ಕವರು ಈಗ ಇನ್ನೊಮ್ಮೆ ನಗಬಹುದು.) ಮೂರನೇ ಸಲ ಪಾಸಾದರೆ ಚಂದಗುಳಿಯ ಘಂಟಿಗಣೇಶನಿಗೆ ಘಂಟೆ ಕಟ್ಟುತ್ತೇನೆ ಎಂದು ಹರಕೆ ಹೊತ್ತೆ. ನಲವತ್ತೇಳನೇ ವಯಸ್ಸಿನಲ್ಲಿ ಲೈಸೆನ್ಸ್ ಕೈಗೆ ಬಂತು. ಹರಕೆ ತೀರಿಸಬೇಕಲ್ಲ? ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿರಸಿಯಿಂದ ನಾನೇ ಕಾರು ಓಡಿಸಿಕೊಂಡು ಹೋದೆ. ಘಂಟೆ ಕಟ್ಟಿದೆವು. ವಾಪಸು ಬರುವಾಗ ಯಲ್ಲಾಪುರದ ಹತ್ತಿರ ರಸ್ತೆ ಬದಿಯಲ್ಲಿ ಚಹಾ ಕುಡಿದೆವು. ಹೊರಡಲೆಂದು ರಿವರ್ಸ್ ಹಾಕಿದೆ. ಯಾರೋ ಮನೆ ಕಟ್ಟಿಸಲು ಪೇರಿಸಿಟ್ಟಿದ್ದ ಚಿರೆಕಲ್ಲಿನ ರಾಶಿ ಅಲ್ಲೇ ಇತ್ತು. ನಾನು ಬರುವ ಮೊದಲೂ ಇತ್ತು, ಅದರದ್ದೇನೂ ತಪ್ಪಿಲ್ಲ.

"ಏನಾತವ್ವ ಗಿರಿಜಾ? ಕಲ್ಲಿಗೇನೂ ಆಗಿಲ್ಲಲ್ಲ?" ಎಂದರು ಅತ್ತೆ.

ಕಲ್ಲಿಗೆ ಏನೂ ಆಗಿರಲಿಲ್ಲ. ಕಾರಿನ ಹಿಂದಿನ ಬಂಪರಿನ ಎಡಮೂಲೆ ಮಾತ್ರ ಊಟದ ತಟ್ಟೆಯಷ್ಟು ಅಗಲಕ್ಕೆ ಒಳಗೆ ಹೋಗಿತ್ತು. ಒಂದು ಗೇಣು ಬಿರುಕು. ಅದರ ಸುತ್ತ ಕೆಂಪು ಬಣ್ಣ ಕಿತ್ತುಹೋಗಿ ಕಪ್ಪು ಪ್ಲಾಸ್ಟಿಕ್ ಇಣುಕುತ್ತಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮನೆಯವರು ಪಿಯು ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಅರ್ಧ ಮಾರ್ಕ್ಸ್ ಕೊಡಲೂ ಮೂರು ಸಲ ಯೋಚಿಸುವ ಆಸಾಮಿ. ಕಾರು ತಂದು ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ಯಾವ ಮದುವೆಗೆ ಹೋದರೂ, ಯಾರ ಮನೆಗೆ ಹೋದರೂ, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಒಂದು ಮಾತು ಬಂದೇ ಬರುತ್ತದೆ: "ಇಷ್ಟು ವರ್ಷ ಆತು ನೋಡ್ರಿ, ನನ್ನ ಗಾಡಿಗೆ ಒಂದು ಗೀರಿಲ್ಲ." ಕೇಳಿದವರು ಎದ್ದು ಹೋಗಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆದೂಗಬೇಕು, ಆಮೇಲೆಯೇ ಪಾಯಸ.

ಅಂಥವರು ವ್ಯಾಲ್ಯುಯೇಶನ್ನಿಗೆಂದು ಧಾರವಾಡಕ್ಕೆ ಹೊರಟಾಗ ಮೊದಲ ಬಾರಿಗೆ ಕೀಯನ್ನು ನನ್ನ ಕೈಗೆ ಕೊಟ್ಟಿದ್ದರು. ಕೊಡುವಾಗ ಹೇಳಿದ್ದು ಇಷ್ಟೇ: "ಭಾನುವಾರ ಬಂದು ನೋಡ್ತೀನಿ. ಒಂದು ಗೀರು ಬಿದ್ದಿತ್ತು ಅಂದ್ರ ಮತ್ತ ಕೀ ಕೇಳಬ್ಯಾಡ." ಅಂದರೆ ಬಂಪರು ಹೋದರೆ ಕೀಯೂ ಹೋಯಿತು. ಎರಡು ವರ್ಷ ಕಲಿತದ್ದು, ಎರಡು ಸಲ ಫೇಲಾದದ್ದು, ಹೊತ್ತ ಹರಕೆ, ಎಲ್ಲವೂ ಹೋಯಿತು. ಮತ್ತೆ ಯಾವುದಕ್ಕೂ "ಸ್ವಲ್ಪ ಬಿಟ್ಟು ಬರ್ತೀರಾ" ಎಂದು ಬಾಗಿಲಲ್ಲಿ ನಿಂತು ಕೇಳುವ ಬದುಕು.

ಅಂದು ಬುಧವಾರ.

ಗ್ಯಾರೇಜಿಗೆ ಕೊಡಬಹುದಿತ್ತಲ್ಲ ಅನ್ನುತ್ತೀರಾ? ಶಿರಸಿಯ ಗ್ಯಾರೇಜುಗಳಲ್ಲಿ ಅರ್ಧ ಜನ ಇವರ ಶಿಷ್ಯರು, ಉಳಿದರ್ಧ ಶಿಷ್ಯರ ಅಪ್ಪಂದಿರು. ಬೆಳಿಗ್ಗೆ ಕಾರು ಬಿಟ್ಟರೆ ಮಧ್ಯಾಹ್ನದೊಳಗೆ ಧಾರವಾಡಕ್ಕೆ ಫೋನು: "ಸರ್, ನಿಮ್ಮ ಗಾಡಿ ಬಂದಿದೆ, ಮೇಡಂ ಅರಾಮಿದ್ದಾರಲ್ಲ?" ಸಣ್ಣ ಊರಿನಲ್ಲಿ ಗುಟ್ಟು ಇಡುವುದಕ್ಕಿಂತ ಆನೆ ಸಾಕುವುದು ಸುಲಭ.

ಹಾಗಾಗಿ ಮನೆಯಲ್ಲೇ. ನಾನೇ.

"ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ ಬಿಡು," ಎಂದು ಅತ್ತೆ ಮಾತು ಕೊಟ್ಟರು. ಬನವಾಸಿ ಕಡೆಯ ಹೆಂಗಸು, ವಯಸ್ಸು ಎಪ್ಪತ್ತಾರು. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ನೀರು ಮುಟ್ಟದವರು. ಮಾತು ಕೊಟ್ಟರೆ ಮುಗಿಯಿತು.

ಗುರುವಾರ ಬೆಳಿಗ್ಗೆ ಆಟೋ ಹಿಡಿದು ಬಣ್ಣದ ಅಂಗಡಿಯ ಖಾದರ್ ಸಾಬರ ಹತ್ತಿರ ಹೋದೆ. ಬಿಳಿ ಗಡ್ಡ, ಕಿವಿಯಲ್ಲಿ ಪೆನ್ಸಿಲು. "ಒಬ್ಬರು ಪರಿಚಯದವರ ಕಾರು" ಎಂದು ಶುರು ಮಾಡಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ಬಿರುಕು ತುಂಬುವ ಪುಟ್ಟಿ ಡಬ್ಬಿ, ಅದರ ಜೊತೆ ಹಾರ್ಡನರಿನ ಸಣ್ಣ ಟ್ಯೂಬು, ಉಜ್ಜಲು ಬೇರೆ ಬೇರೆ ಮೂರು ನಂಬರಿನ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ನುಣುಪು) ಎದುರಿಗಿಟ್ಟರು.

"ಹಾರ್ಡನರ್ ಅಂದ್ರೆ ಮೊಸರಿಗೆ ಹೆಪ್ಪು ಇದ್ದ ಹಾಗೆ ಮೇಡಂ. ಚೂರೇ ಚೂರು. ಉಜ್ಜೋವಾಗ ನೀರು ಹಾಕ್ತಾ ಉಜ್ಜಿ. ಅವಸರ ಮಾಡಿದ್ರೆ ಬಣ್ಣ ಎಲ್ಲಾ ಹೇಳಿಬಿಡ್ತದೆ."

ಮೊದಲ ಕೆಲಸ ತಗ್ಗು ತೆಗೆಯುವುದು. ಹಂಡೆಯಿಂದ ಕೊತಕೊತ ಕುದಿಯುವ ನೀರು ತಂದು ಬಂಪರಿನ ಮೇಲೆ ಸುರಿದೆ. ದಪ್ಪ ಬಟ್ಟೆ ಸುತ್ತಿದ ಕೈಯನ್ನು ಕೆಳಗಿನಿಂದ ತೂರಿಸಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ತಂಬಿಗೆ ಸುರಿದು ಮತ್ತೆ ಒತ್ತಿದೆ. ಟಪ್. ತಟ್ಟೆಯಷ್ಟಿದ್ದ ತಗ್ಗು ಒಂದೇ ಏಟಿಗೆ ಹೊರಗೆ ಬಂತು. ಕಾಲೇಜಿನಲ್ಲಿ ರ‍್ಯಾಂಕ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. (ರ‍್ಯಾಂಕ್ ಬಂದಿರಲಿಲ್ಲ, ಆ ಮಾತು ಬೇರೆ.) ಅಂಗಳದಲ್ಲಿ ಒಬ್ಬಳೇ ನಿಂತು ಚಪ್ಪಾಳೆ ಹೊಡೆದುಕೊಂಡೆ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯೂ ಕೈ ಎತ್ತಿದರು.

ಪುಟ್ಟಿ ಮೊದಲ ಸಲ ಕೈಕೊಟ್ಟಿತು. ಹೆಪ್ಪಿನ ಲೆಕ್ಕ ನನಗೆ ಹೇಳಿಕೊಡಬೇಕೆ ಎಂಬ ಗತ್ತಿನಲ್ಲಿ ಹಾರ್ಡನರ್ ಹಾಕಿದೆ. ಕಲಸುತ್ತಿರುವಾಗಲೇ ಬಟ್ಟಲಿನಲ್ಲಿ ಕಲ್ಲಾಗಿ ಕೂತಿತು. ಆ ಬಟ್ಟಲು ಇನ್ನು ಯಾವ ಅಡುಗೆಗೂ ಇಲ್ಲ. ಎರಡನೇ ಸಲ ಚೂರೇ ಚೂರು ಹಾಕಿ, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಬಿರುಕಿನ ಮೇಲೆ ಎಳೆದೆ. ನುಣ್ಣಗೆ, ತೆಳ್ಳಗೆ ಕೂತಿತು. ಶುಕ್ರವಾರ ಎದ್ದವಳು ಹಲ್ಲುಜ್ಜುವ ಮೊದಲೇ ಅಂಗಳಕ್ಕೆ ಓಡಿ ಮುಟ್ಟಿ ನೋಡಿದೆ.

ಆಮೇಲೆ ಉಜ್ಜುವುದು. ಇಷ್ಟು ದಿನ ಪಾತ್ರೆ ಉಜ್ಜಿದ್ದೇನೆ, ನೆಲ ಉಜ್ಜಿದ್ದೇನೆ. ಯಾವುದೂ ಉಜ್ಜಿದ ಹಾಗೇ ಉಳಿದದ್ದಿಲ್ಲ, ಮರುದಿನ ಮತ್ತೆ ಅದೇ. ಇದು ಹಾಗಲ್ಲ. ಕೈಯ ಕೆಳಗೆ ಒಂದು ವಸ್ತು ಸರಿಯಾಗುತ್ತಿತ್ತು. ಗಂಡಸರು ಗಂಟೆಗಟ್ಟಲೆ ಬಾನೆಟ್ ತೆಗೆದು ಬಗ್ಗಿ ನಿಲ್ಲುವುದು ಯಾಕೆಂದು ನನಗೆ ಆಗ ಅರ್ಥವಾಯಿತು. ಎಂಥ ಸುಖವನ್ನು ಇವರು ನಮ್ಮಿಂದ ಮುಚ್ಚಿಟ್ಟಿದ್ದಾರೆ ನೋಡಿ.

ಉಜ್ಜುತ್ತ ಉಜ್ಜುತ್ತ ಬಿರುಕಿನ ಅಂಚಿನಲ್ಲಿ ಒಂದು ವಿಚಿತ್ರ ಕಂಡಿತು. ಮೇಲಿನ ಕೆಂಪು ಹೋದ ಕಡೆ ಬಿಳಿ ಗೆರೆ. ಒಂದಲ್ಲ, ಮೂರು, ಒಂದರ ಕೆಳಗೊಂದು. ಅದನ್ನೂ ಉಜ್ಜಿದರೆ ಮತ್ತೆ ಕೆಂಪು. ಆ ಕೆಂಪಿನ ಕೆಳಗೆ ಹಳದಿ ಪುಟ್ಟಿ. ನಾನು ಹಾಕಿದ್ದಲ್ಲ, ಹಳೆಯದು.

ತಲೆಗೆ ರಕ್ತ ಏರಿತು. ಅಂದರೆ ಶೋರೂಮಿನವರು ಮೊದಲೇ ಗುದ್ದಿದ್ದ ಕಾರಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಹೊಸದೆಂದು ನಮಗೆ ಮಾರಿದ್ದಾರೆ. ಎಂಟು ವರ್ಷ ನಾವು ಅದನ್ನೇ ಕೊಂಡಾಡಿದ್ದೇವೆ. ಫೋನು ತೆಗೆದು ನಾಲ್ಕು ಫೋಟೋ ಹೊಡೆದೆ. ಈ ಅಂಕಣದಲ್ಲಿ ಅವರ ಜನ್ಮ ಜಾಲಾಡಬೇಕೆಂದು ಮೊದಲ ವಾಕ್ಯವನ್ನೂ ಹೊಂದಿಸಿದೆ. ಆಮೇಲೆ ಹೊಳೆಯಿತು, ಅವರ ಮೋಸ ಬಯಲಿಗೆ ಎಳೆದರೆ ನನ್ನದೂ ಜೊತೆಗೇ ಬರುತ್ತದೆ. ಹಳೆಯ ಪುಟ್ಟಿ ನಿನಗೆ ಹೇಗೆ ಕಂಡಿತು ಎಂದು ಇವರು ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿಕೊಂಡು ಉಜ್ಜಿದೆ.

(ಮೂರು ಬಿಳಿ ಗೆರೆ ಎಂದಾಗಲೇ ನಿಮ್ಮಲ್ಲಿ ಕೆಲವರಿಗೆ ಗೊತ್ತಾಗಿರಬಹುದು. ನನಗಾಗಲಿಲ್ಲ. ಸಿಟ್ಟಿನಲ್ಲಿರುವವರಿಗೆ ಎದುರಿನದು ಕಾಣುವುದಿಲ್ಲ.)

ಮಧ್ಯಾಹ್ನ ಬಣ್ಣ ತರಲು ಮತ್ತೆ ಅಂಗಡಿಗೆ ಹೋದೆ. ಬಣ್ಣ ಹೊಂದಿಸಬೇಕಲ್ಲ, ಪೆಟ್ರೋಲ್ ಟ್ಯಾಂಕಿನ ಕೆಂಪು ಮುಚ್ಚಳವನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡಿದ್ದೆ. ಖಾದರ್ ಸಾಬರು ಅದನ್ನು ಬೆಳಕಿಗೆ ಹಿಡಿಯಲೂ ಇಲ್ಲ. ಯಾವ ಪುಸ್ತಕವನ್ನೂ ತೆರೆಯದೆ ಬಣ್ಣ ಕೂಡಿಸಿ ಸ್ಪ್ರೇ ಡಬ್ಬಿಗೆ ತುಂಬತೊಡಗಿದರು. ಅನುಭವ ಅಂದರೆ ಹೀಗಿರಬೇಕು ಎಂದುಕೊಂಡೆ. ಹಳೆಯ ಪುಟ್ಟಿಯ ಫೋಟೋ ತೋರಿಸಿ, "ಇದು ಕಂಪನಿಯವರ ಕೆಲಸ ಅಲ್ವಾ?" ಎಂದು ಕೇಳಿದೆ.

ಸಾಬರು ಕನ್ನಡಕ ಏರಿಸಿ ನೋಡಿದರು. ಗಡ್ಡದೊಳಗೇ ನಕ್ಕರು. "ಬಣ್ಣ ಕೊಡೋದು ನಮ್ಮ ಕೆಲಸ ಮೇಡಂ. ಯಾರು ಹಚ್ಚಿದ್ರು, ಯಾಕೆ ಹಚ್ಚಿದ್ರು, ಅದು ಕೇಳೋದೂ ಇಲ್ಲ, ಹೇಳೋದೂ ಇಲ್ಲ."

ಶನಿವಾರ ಬೆಳಿಗ್ಗೆ ಒಳ್ಳೆಯ ಬಿಸಿಲು, ಗಾಳಿ ಇಲ್ಲ. ಬಂಪರಿನ ಸುತ್ತ ಪೇಪರ್ ಅಂಟಿಸಿದೆ. ಕೈಗೆ ಸಿಕ್ಕಿದ್ದು ಹೋದ ತಿಂಗಳ ನನ್ನದೇ ಅಂಕಣವಿದ್ದ ಪುಟ. ಕೊನೆಗೂ ನನ್ನ ಬರವಣಿಗೆ ಒಂದು ಉಪಯೋಗಕ್ಕೆ ಬಂತು.

"ಲೈಟಿನ ಹತ್ರ ಎರಡು ಪದರ ಹಚ್ಚು ತಂಗಿ, ಇಲ್ಲಂದ್ರ ಬಣ್ಣ ಒಳಗ ಹೋಗ್ತತಿ," ಎಂದು ಜಗಲಿಯಿಂದ ಸಲಹೆ ಬಂತು. ಜನ್ಮದಲ್ಲಿ ಕಾರಿನ ಬಾಗಿಲನ್ನೂ ತಾವಾಗಿ ತೆಗೆಯದ ಅತ್ತೆಗೆ ಇದೆಲ್ಲ ಹೇಗೆ ಗೊತ್ತು? ಅದನ್ನೂ ನಾನು ಕೇಳಲಿಲ್ಲ.

ಮೊದಲು ಪ್ರೈಮರ್. ಒಣಗಿದ ಮೇಲೆ ಕೆಂಪು, ತೆಳ್ಳಗೆ ಮೂರು ಸಲ. ಕೊನೆಗೆ ಹೊಳಪಿಗೆ ಲ್ಯಾಕರ್. ಸ್ಪ್ರೇ ಡಬ್ಬಿ ಕುಲುಕುವಾಗ ಒಳಗಿನ ಗುಂಡು ಕಟಕಟ ಎನ್ನುವುದು, ಉಸಿರು ಬಿಗಿಹಿಡಿದು ಎಡದಿಂದ ಬಲಕ್ಕೆ ಕೈ ಓಡಿಸುವುದು, ಕಪ್ಪು ಪ್ಲಾಸ್ಟಿಕ್ಕೂ ಹಳದಿ ಪುಟ್ಟಿಯೂ ಕಣ್ಣೆದುರೇ ಮಾಯವಾಗುವುದು. ಹನ್ನೊಂದು ಗಂಟೆಗೆ ನಾನು ಹಿಂದೆ ಸರಿದು ನಿಂತು ನೋಡಿದೆ. ಎಲ್ಲಿ ಗುದ್ದಿದ್ದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಕೀ ಉಳಿಯಿತು. ಕುಣಿಯುವುದೊಂದು ಬಾಕಿ. ಅದನ್ನೂ ಸ್ವಲ್ಪ ಮಾಡಿದೆ.

ಕೈಗೆ ಹತ್ತಿದ ಬಣ್ಣ ತೊಳೆಯಲೆಂದು ಬಚ್ಚಲಿಗೆ ಹೋದೆ. ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದರೆ ಅತ್ತೆ ಕಾರಿನ ಹಿಂದೆ ಬಗ್ಗಿ ನಿಂತಿದ್ದಾರೆ. ಎಡಗೈಯಲ್ಲಿ ವಿಭೂತಿ ಗಟ್ಟಿ. ಬಲಗೈಯ ಮೂರು ಬೆರಳು ಬಂಪರಿನ ಮೇಲೆ. ಹಸಿ ಲ್ಯಾಕರಿನ ಮೇಲೆ ನಿಧಾನವಾಗಿ, ಭಕ್ತಿಯಿಂದ, ಎಡದಿಂದ ಬಲಕ್ಕೆ ಎಳೆಯುತ್ತಿದ್ದಾರೆ.

"ಅಯ್ಯೋ ಅತ್ತೀ, ಹಸಿ ಐತಿ, ಏನ್ ಮಾಡಿದ್ರಿ ಇದು..." ಎನ್ನುತ್ತ ಓಡಿದೆ.

ಅತ್ತೆ ಗಾಬರಿಯಾಗಲಿಲ್ಲ. "ಹೊಸಾ ಬಣ್ಣ ಹಚ್ಚಿದ ಮ್ಯಾಲ ಇಬತ್ತಿ ಹಚ್ಚದ ಗಾಡಿ ಹೊರಗ ಒಯ್ಯಬಾರದವ್ವ," ಎಂದರು. ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ, "ಹೋದ ಸಲ ಹಚ್ಚಿದಾಗ ಅವನೂ ಹಿಂಗ ಕುಣಿದಾಡಿದ್ದ," ಎಂದು ಸೇರಿಸಿದರು.

"ಯಾರು?"

ಅತ್ತೆ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಗಲೇ ಅಂಗಳಕ್ಕೆ ಇಳಿದಿತ್ತು.

ನಾಲ್ಕು ವರ್ಷದ ಹಿಂದೆ, ನಾನು ಹೆರಿಗೆಯಾದ ತಂಗಿಯನ್ನು ನೋಡಲು ಸಿದ್ದಾಪುರಕ್ಕೆ ತವರಿಗೆ ಹೋಗಿದ್ದಾಗಂತೆ. ಎಕ್ಕಂಬಿ ಹತ್ತಿರವಂತೆ. ರಿವರ್ಸ್ ತೆಗೆಯುವಾಗಲಂತೆ. ಇದೇ ಅಂಗಳ, ಇದೇ ಮೂಲೆ, ಇದೇ ಖಾದರ್ ಸಾಬರ ಬಣ್ಣ. ಕೊನೆಗೆ ಇದೇ ಮೂರು ಬೆರಳು. ಒರೆಸಿದರೆ ಹೋಗದ ವಿಭೂತಿಯ ಮೇಲೆ ಗಣಿತದ ಲೆಕ್ಚರರು ಇನ್ನೊಂದು ಕೋಟ್ ಕೆಂಪು ಹೊಡೆದು ಮುಚ್ಚಿದ್ದರಂತೆ. "ಗಿರಿಜಾಗ ಹೇಳಬ್ಯಾಡ ಅಂದಿದ್ದ," ಎಂದರು ಅತ್ತೆ. "ನಾಕು ವರ್ಷ ಹೇಳಿದ್ನೇನು ನಾನು?"

ಇಲ್ಲ. ಹೇಳಿರಲಿಲ್ಲ. ಮಗನ ಗುಟ್ಟನ್ನೂ ಸೊಸೆಯ ಗುಟ್ಟನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

ನನಗೆ ಸಿಟ್ಟು ಬಂತೇ? ಬಂತು. ನಾಲ್ಕು ವರ್ಷದ ಪಾಯಸಗಳೆಲ್ಲ ನೆನಪಾದವು. ಆದರೆ ಸಿಟ್ಟಿನ ಬೆನ್ನಿಗೇ ನಗು ಬಂತು, ಅದನ್ನು ತಡೆಯಲಾಗಲಿಲ್ಲ. ಆ ಗತ್ತಿನ ಮನುಷ್ಯ ಇದೇ ನೆಲದಲ್ಲಿ ಲುಂಗಿ ಎತ್ತಿ ಕಟ್ಟಿ, ನಾನು ಬರುವ ದಿನ ಎಣಿಸುತ್ತ, ಹೆದರಿಕೊಂಡು ಬಂಪರ್ ಉಜ್ಜುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತಿತ್ತು, ಬುಧವಾರದಿಂದ ಅದರ ಜೊತೆಗೇ ಇದ್ದೆ. ಅವರ ಮೇಲೆ ಹೀಗೆ ಪ್ರೀತಿ ಉಕ್ಕಿ ಎಷ್ಟು ಕಾಲವಾಗಿತ್ತೋ.

ಸ್ಪ್ರೇ ಡಬ್ಬಿಯಲ್ಲಿ ಅರ್ಧ ಬಣ್ಣ ಉಳಿದಿತ್ತು. ವಾಟರ್ ಪೇಪರೂ ಕೈಯಲ್ಲೇ ಇತ್ತು. ಉಜ್ಜಿ, ಇನ್ನೊಂದು ಕೋಟ್ ಹೊಡೆದರೆ ಸಂಜೆಯೊಳಗೆ ಎಲ್ಲ ಮುಚ್ಚಿಹೋಗುತ್ತಿತ್ತು. ಇವರೇ ಬಂದು ನೋಡಲಿ ಎನಿಸಿತು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಅಟ್ಟಕ್ಕೆ ಎಸೆದೆ.

ಭಾನುವಾರ ಬೆಳಿಗ್ಗೆ ಇವರು ಬಂದರು. ಬ್ಯಾಗು ಜಗಲಿಯಲ್ಲಿಟ್ಟು, ಚಹಾಕ್ಕೂ ಕಾಯದೆ, ಕಾರಿನ ಸುತ್ತ ಪ್ರದಕ್ಷಿಣೆ ಹೊರಟರು. ಮುಂದಿನ ಬಂಪರ್, ಸರಿ. ಬಲಬದಿ, ಸರಿ. ಹಿಂದೆ ಎಡಮೂಲೆಗೆ ಬಂದವರು ನಿಂತರು. ಬಗ್ಗಿದರು. ಹೆಬ್ಬೆರಳಿನಿಂದ ವಿಭೂತಿಯನ್ನು ಒಮ್ಮೆ ಒರೆಸಿದರು. ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದರು. ಆಗಲೂ ಹೋಗಲಿಲ್ಲ.

ತಲೆ ಎತ್ತಿ ಅಮ್ಮನ ಕಡೆ ನೋಡಿದರು. ಅತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು. ನನ್ನ ಕಡೆ ನೋಡಿದರು. ನಾನು ಕೀ ಹಿಡಿದ ಕೈಯನ್ನು ಮುಂದೆ ಚಾಚಿದೆ, ಮಾತಿನಂತೆ.

ಬಂಪರಿನ ಮೇಲೆ ಕೈಯಾಡಿಸಿ ಕೇಳಿದರು: "ಪೇಪರ್ ಎಷ್ಟನೇ ನಂಬರಿಂದು ಉಜ್ಜಿದಿ?"

"ಎಂಟುನೂರು."

"ನಾ ನಾಕುನೂರಕ್ಕ ನಿಲ್ಲಿಸಿದ್ದೆ," ಎಂದರು. ಮತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ, ಉತ್ತರಪತ್ರಿಕೆ ನೋಡುವವರ ಹಾಗೆ ನೋಡಿದರು. "ನಂದಕ್ಕಿಂತ ಚಲೋ ಆಗೇತಿ." ನನ್ನ ಕೈಯಲ್ಲಿದ್ದ ಕೀಯನ್ನು ನನ್ನ ಮುಷ್ಟಿಯೊಳಗೇ ಮಡಚಿಟ್ಟು ಚಹಾ ಕುಡಿಯಲು ಒಳಗೆ ಹೋದರು.

ಅರ್ಧ ಮಾರ್ಕ್ಸೂ ಕಡಿತವಾಗಲಿಲ್ಲ ಎಂದು ಇದರ ಅರ್ಥ.

ಮೊನ್ನೆ ಒಂದು ಮದುವೆಗೆ ಹೋಗಿದ್ದೆವು. ಕಾರು ಓಡಿಸಿದ್ದು ನಾನು. ಎಲೆ ಹಾಕುವಾಗ ಯಾರೋ ಕಾರಿನ ಮಾತು ಎತ್ತಿದರು. ಇವರು ನನ್ನ ಕಡೆ ಒಮ್ಮೆ ನೋಡಿ, ಉಪ್ಪಿನಕಾಯಿ ಚೆನ್ನಾಗಿದೆ ಎಂದರು. ಹೊರಗೆ ಬಂದರೆ ಸಾಲಾಗಿ ಹದಿನೈದಿಪ್ಪತ್ತು ಕಾರು ನಿಂತಿದ್ದವು. ಎಲ್ಲವೂ ಫಳಫಳ, ಹೆಚ್ಚಿನವುಗಳ ಮೇಲೆ ವಿಭೂತಿ, ಕುಂಕುಮ. ಮಾಲೀಕರೆಲ್ಲ ಎದೆ ಉಬ್ಬಿಸಿ ಪಕ್ಕದಲ್ಲಿ.

ನಿಮ್ಮ ಮನೆ ಕಾರಿನ ವಿಭೂತಿಯನ್ನು ಬೆರಳಿನಿಂದ ಒಮ್ಮೆ ಒರೆಸಿ ನೋಡಿ, ಹೋಗುತ್ತದೆಯೇ?