ಬಾಯ್ಲರ್ ಮನೆಯ ಹಿಂದಿನ ಬೂದಿಗುಡ್ಡೆ

ಇದು ಮಿಯಾಪುರದಿಂದ ಮೆಟ್ರೋ ಓಡಲು ಶುರುವಾದ ಮರುವರ್ಷದ ಮಾತು. ಆಗ ನಾನು ಅಲ್ಲಿಂದ ಇನ್ನೂ ಒಂದು ಬಸ್ಸು ಹಿಡಿದು ಹೋಗುವಷ್ಟು ಮುಂದೆ, ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಯಲ್ಲಿ ಬಾಯ್ಲರ್ ಫೈರ್‌ಮನ್ ಆಗಿದ್ದೆ. ಬಾಯ್ಲರ್ ಎಂದರೆ ನೀರು ಕಾಯಿಸಿ ಸ್ಟೀಮ್ ಮಾಡುವ ದೊಡ್ಡ ಕಬ್ಬಿಣದ ಹಂಡೆ. ಅದರ ಹೊಟ್ಟೆಗೆ ಕಲ್ಲಿದ್ದಲು ಹಾಕುವವನೇ ಫೈರ್‌ಮನ್. ಲಿಂಗಸೂಗೂರು ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು ನಾನು, ಓದಿದ್ದು ನಾಲ್ಕನೆಯ ಇಯತ್ತೆ. ಆ ಬೆಂಕಿಯ ಮುಂದೆ ಇಪ್ಪತ್ತಾರು ವರ್ಷ ನಿಂತೆ.

ಈಗ ಬರೆಯಲು ಕೂರಿಸಿದವಳು ನನ್ನ ಮೊಮ್ಮಗಳು. ಹುಟ್ಟಿ ಹದಿನೇಳು ದಿನ. ಅವಳು ಆಕಳಿಸಿದರೂ ಓಣಿಗೆಲ್ಲ ಹೇಳಿ ಬರುತ್ತೇನೆ. ಅಷ್ಟು ಖುಷಿ ನನಗೆ. ಆದರೆ ಇದು ಮೇ ತಿಂಗಳು, ನಮ್ಮದು ಮೇಲಿನ ಮಹಡಿ. ಸಂಜೆಯಾದರೂ ಸ್ಲ್ಯಾಬ್ ಕಾದ ಹಂಚಿನಂತಿರುತ್ತದೆ, ಫ್ಯಾನ್ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಸೊಸೆ ಕಿಟಕಿಗೆ ಒದ್ದೆ ಚಾದರ ಕಟ್ಟಿ ಕೂಸನ್ನು ಮಲಗಿಸುತ್ತಾಳೆ. ಮೊನ್ನೆ ಔಷಧಿ ತರಲು ಕೋಠಿಗೆ ಹೊರಟಾಗ ರಸ್ತೆ ಬದಿಯಲ್ಲಿ ನಮ್ಮ ಹಳೆಯ ಗಿರಣಿಯ ದೊಡ್ಡ ಬೋರ್ಡ್ ಕಂಡಿತು. ಅದರಲ್ಲಿ ಹಸಿರು ಎಲೆಯ ಚಿತ್ರ, ಎಲೆಯ ಮೇಲೆ ನಗುವ ಮಗು. ನನ್ನ ಮೈ ಉರಿದುಹೋಯಿತು.

ಆ ಗಿರಣಿಯಲ್ಲಿ ಸ್ಟೀಮ್ ಪೈಪುಗಳ ನಡುನಡುವೆ ಸ್ಟೀಮ್ ಟ್ರ್ಯಾಪ್ ಎಂಬ ಪುಟ್ಟ ಕವಾಟಗಳಿದ್ದವು. ಪೈಪಿನಲ್ಲಿ ತಣಿದು ನೀರಾದದ್ದನ್ನು ಹೊರಗೆ ಬಿಟ್ಟು ಸ್ಟೀಮನ್ನು ಒಳಗೇ ಹಿಡಿದಿಡುವುದು ಅವುಗಳ ಕೆಲಸ. ಅದು ಕೆಟ್ಟರೆ ಸ್ಟೀಮ್ ಸುಮ್ಮನೆ ಹೊರಗೆ ಹೋಗುತ್ತದೆ, ಅದಕ್ಕೆ ತಕ್ಕಂತೆ ಕಲ್ಲಿದ್ದಲೂ ಹೆಚ್ಚು ಸುಡುತ್ತದೆ. ನಾನು ಕಬ್ಬಿಣದ ಸಳಿಯ ಒಂದು ತುದಿಯನ್ನು ಟ್ರ್ಯಾಪಿಗೆ, ಇನ್ನೊಂದನ್ನು ಕಿವಿಗೆ ಇಟ್ಟು ಕೇಳುತ್ತಿದ್ದೆ. ಬಿಟ್ಟು ಬಿಟ್ಟು ಟಕ್ ಎಂದರೆ ಚೆನ್ನಾಗಿದೆ, ಒಂದೇ ಸಮ ಸುಯ್ ಎಂದರೆ ಸೋರುತ್ತಿದೆ. ಒಟ್ಟು ನಲವತ್ತೊಂದು ಟ್ರ್ಯಾಪ್‌ಗಳಲ್ಲಿ ಹನ್ನೊಂದು ಸುಯ್ ಎನ್ನುತ್ತಿದ್ದವು. ಮ್ಯಾನೇಜರ್ ಬಾಗಲಕೋಟೆ ಕಡೆಯವರು, ನಮ್ಮ ಭಾಷೆಯವರು ಎಂಬ ಸಲಿಗೆಯಿಂದ ನಾಲ್ಕು ವರ್ಷ ಅವರ ಬೆನ್ನು ಬಿದ್ದು ಹೇಳಿದೆ. ಪ್ರತಿ ಸಲವೂ ಮುಂದಿನ ವರ್ಷ ನೋಡೋಣ ಎಂದರು.

ಹೀಗಿರುವಾಗ, ನಮ್ಮ ಗಿರಣಿಯ ಚಾದರ ಕೊಳ್ಳುತ್ತಿದ್ದ ವಿದೇಶದ ಕಂಪನಿಯೊಂದು ಕಲ್ಲಿದ್ದಲು ಸುಡುವ ಗಿರಣಿಯ ಮಾಲು ಬೇಡವೆಂದಿತು, ಪರೀಕ್ಷೆಗೆ ಜನ ಕಳಿಸುತ್ತೇನೆಂದಿತು. ಮರುವಾರವೇ ಗೇಟಿಗೆ ‘ಕಲ್ಲಿದ್ದಲು ಮುಕ್ತ ಗಿರಣಿ’ ಎಂಬ ಬೋರ್ಡ್ ಬಂತು. ನಾಲ್ಕು ಲಾರಿ ಬ್ರಿಕೆಟ್ ಬಂತು. ಶೇಂಗಾ ಸಿಪ್ಪೆ, ಕಟ್ಟಿಗೆಯ ಹೊಟ್ಟು ಒತ್ತಿ ಮಾಡಿದ ಉರುವಲು ಅದು. ಕಲ್ಲಿದ್ದಲಿನ ರಾಶಿಗೆ ಹಸಿರು ತಾಡಪತ್ರಿ ಹೊದಿಸಿ ಮುಂದೆ ಹೂಕುಂಡ ಜೋಡಿಸಿದರು. ಟ್ರ್ಯಾಪ್ ರಿಪೇರಿಗೆ ನಾಲ್ಕು ವರ್ಷ ಸಿಗದ ಪುರುಸೊತ್ತು ಹೂಕುಂಡಕ್ಕೆ ನಾಲ್ಕೇ ದಿನದಲ್ಲಿ ಸಿಕ್ಕಿತ್ತು.

ಮ್ಯಾನೇಜರ್ ನನ್ನನ್ನು ಕರೆಸಿದರು.

“ಬಸಣ್ಣ, ಯಾರರೆ ಕೇಳಿದ್ರ ಎರಡ ವರ್ಷ ಆತು, ಕಲ್ಲಿದ್ದಲ ಮುಟ್ಟಿಲ್ಲ ಅನ್ನು. ಒಂದ ದಿನದ ಮಾತ. ನಿನ್ನ ಮಗನ ಫೈಲು ನನ್ನ ಟೇಬಲ್ ಮ್ಯಾಲ ಐತಿ.”

ನನ್ನ ಮಗ ಹನುಮೇಶ ಅದೇ ಗಿರಣಿಯಲ್ಲಿ ಚಾದರ ಮಡಚುವ ವಿಭಾಗದಲ್ಲಿದ್ದ. ಆರು ವರ್ಷದಿಂದ ಕಾಂಟ್ರ್ಯಾಕ್ಟ್, ಕಾಯಂ ಆದರೆ ಮದುವೆ ಎಂದು ಕಾಯುತ್ತಿದ್ದ. ಮನೆಗೆ ಬಂದು ಅವನಿಗೆ ಹೇಳಿದೆ, “ಕಲ್ಲಿದ್ದಲಿಗೆ ಹಸರ ಸೀರಿ ಉಡ್ಸ್ಯಾರ. ಅರಿಶಿಣ ಹಚ್ಚೂದೊಂದ ಬಾಕಿ.”

ಅವನು ನಗಲಿಲ್ಲ. “ನೀ ಸುಮ್ಕಿರಪ್ಪ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ” ಎಂದ.

ಪರೀಕ್ಷೆಗೆ ಬಂದವರು ತಲೆಗೆ ಹೆಲ್ಮೆಟ್ ಹಾಕಿದ್ದ ಒಬ್ಬ ಮೇಡಂ. ಮ್ಯಾನೇಜರ್ ಪಕ್ಕದಲ್ಲೇ ಇದ್ದರು. ಒಲೆಯಲ್ಲಿ ಬ್ರಿಕೆಟ್ ಚಂದವಾಗಿ ಉರಿಯುತ್ತಿತ್ತು. ಎಷ್ಟು ದಿನದಿಂದ ಇದನ್ನು ಹಾಕುತ್ತಿದ್ದೀರಿ ಎಂದು ಮೇಡಂ ಹಿಂದಿಯಲ್ಲಿ ನನ್ನನ್ನು ಕೇಳಿದರು. ಎರಡು ವರ್ಷ ಎಂದೆ. ಮುಚ್ಚಿಡುವುದಿಲ್ಲ, ಅಂದು ನಾನೂ ಸುಳ್ಳು ಹೇಳಿದೆ.

ಅವರು ಬರೆದುಕೊಂಡು, ಬೂದಿ ಎಲ್ಲಿ ಹಾಕುತ್ತೀರಿ ಎಂದರು.

ಮ್ಯಾನೇಜರ್ ಮುಖ ನೋಡಬೇಕಿತ್ತು. ಇಡೀ ಆಫೀಸು ಕೂತು ಕಲ್ಲಿದ್ದಲು ಮುಚ್ಚುವ ಯೋಚನೆ ಮಾಡಿತ್ತು. ಬೂದಿಯ ನೆನಪು ಒಬ್ಬರಿಗೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಬಾಯ್ಲರ್ ಮನೆಯ ಹಿಂದಕ್ಕೆ ಅವರಾರೂ ಒಂದು ದಿನ ಕಾಲಿಟ್ಟವರಲ್ಲ. ಒಲೆಗೆ ಹಾಕಿದ್ದು ಅಲ್ಲೇ ಮಾಯವಾಗುತ್ತದೆ ಎಂದುಕೊಂಡಿದ್ದರೋ ಏನೋ. ಬೂದಿ ಒಯ್ಯುವ ಇಟ್ಟಿಗೆ ಭಟ್ಟಿಯ ಟ್ರ್ಯಾಕ್ಟರ್ ಆ ವಾರ ಬಂದಿರಲಿಲ್ಲ. ಗೋಡೆಯ ಹಿಂದೆ ಆಳೆತ್ತರದ ಗುಡ್ಡೆ ಬಿದ್ದಿತ್ತು. ಬ್ರಿಕೆಟ್ಟಿನ ಬೂದಿ ಹಗುರ, ಬಿಳಿಚು. ಕಲ್ಲಿದ್ದಲಿನದು ಕರಗಿ ಗಟ್ಟಿಯಾದ ಕರಿ ಹೆಂಟೆ, ಅದಕ್ಕೆ ಕ್ಲಿಂಕರ್ ಎನ್ನುತ್ತಾರೆ. ಒಮ್ಮೆ ಕಂಡವರು ಮರೆಯುವುದಿಲ್ಲ.

ಬೂದಿಯೆಲ್ಲ ನಿನ್ನೆಯೇ ಹೋಯಿತು ಎಂದು ಮ್ಯಾನೇಜರ್ ಹೇಳಿಬಿಟ್ಟರು. ಮೇಡಂ ನನ್ನತ್ತ ತಿರುಗಿ, ಹೌದೇ ಎಂದರು. ಹನುಮೇಶನ ಮುಖ ಕಣ್ಣ ಮುಂದೆ ಬಂತು, ಆ ಫೈಲೂ ಬಂತು. ಆದರೆ ಗೇಟಿನ ಬೋರ್ಡ್ ಅವರದು, ಗುಡ್ಡೆ ನನ್ನದು. ಅದರ ಒಂದೊಂದು ಸಲಿಕೆಯನ್ನೂ ನಾನೇ ಎಳೆದು ಹಾಕಿದ್ದೆ. ಅದು ಇಲ್ಲವೆನ್ನಲು ಬಾಯಿ ಏಳಲಿಲ್ಲ. ಗೋಡೆಯ ಹಿಂದಕ್ಕೆ ನಡೆದೆ, ಮೇಡಂ ನನ್ನ ಹಿಂದೆ ಬಂದರು. ಒಂದು ಕ್ಲಿಂಕರ್ ಎತ್ತಿ ಅವರ ಕೈಗಿಟ್ಟು, ಮೊದಲು ಹೇಳಿದ್ದು ಸುಳ್ಳು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಕಲ್ಲಿದ್ದಲು ಕಡಿಮೆ ಮಾಡಲು ದಾರಿ ಇದೆಯೇ ಎಂದು ಕೇಳಿದರು. ನಾಲ್ಕು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು ಅದು. ಸಳಿ ತಂದು ಅವರ ಕಿವಿಗೆ ಹಿಡಿಸಿದೆ. ಹನ್ನೊಂದು ಟ್ರ್ಯಾಪನ್ನೂ ಕೇಳಿಸಿಕೊಂಡರು. ಬಟ್ಟೆಯಿಲ್ಲದಂತೆ ನಿಂತಿದ್ದ ಪೈಪುಗಳನ್ನು, ಚರಂಡಿಗೆ ಹರಿಯುತ್ತಿದ್ದ ಕುದಿನೀರನ್ನು ತೋರಿಸಿದೆ. ಆ ಕಂಪನಿ ಆರು ತಿಂಗಳ ಗಡುವು ಕೊಟ್ಟು, ಇದೆಲ್ಲ ಸರಿಮಾಡದಿದ್ದರೆ ಮಾಲು ಕೊಳ್ಳುವುದಿಲ್ಲ ಎಂದು ಬರೆಯಿತು.

ಸರಿಯಾಯಿತು. ಟ್ರ್ಯಾಪ್ ಬದಲಾದವು, ಪೈಪುಗಳಿಗೆ ಶಾಖ ಹಿಡಿಯುವ ಗಾಜಿನ ಹತ್ತಿ ಸುತ್ತಿದರು, ಕುದಿನೀರು ಮತ್ತೆ ಬಾಯ್ಲರಿಗೆ ಬಂತು. ಒಂದು ಪಾಳಿಗೆ ಹನ್ನೆರಡು ಕೈಗಾಡಿ ಕಲ್ಲಿದ್ದಲು ತಿನ್ನುತ್ತಿದ್ದ ಒಲೆ ಒಂಬತ್ತಕ್ಕೆ ಇಳಿಯಿತು. ಆಮೇಲೆ ಅದರಲ್ಲೂ ಅರ್ಧ ಬ್ರಿಕೆಟ್. ಅಂದರೆ ಇದು ಆಗುವ ಕೆಲಸವೇ ಆಗಿತ್ತು. ನನ್ನ ಸಿಟ್ಟು ಇರುವುದೇ ಅಲ್ಲಿ. ಕೈಲಾಗದವರು ಮಾಡದಿದ್ದರೆ ಪಾಪ ಎನ್ನಬಹುದು. ಇವರು ಕೈಲಾದದ್ದನ್ನು ಬಿಟ್ಟು ಬೋರ್ಡ್ ಬರೆಸಿದವರು. ಆ ನಾಲ್ಕು ವರ್ಷದ ಹೊಗೆ ಎಲ್ಲಿಗೂ ಹೋಗಿಲ್ಲ, ಈಗ ಬಿಸಿಯಾಗಿ ನಮ್ಮ ಸ್ಲ್ಯಾಬಿನ ಮೇಲೆ ಕೂತಿದೆ. ಅದರಲ್ಲಿ ನನ್ನ ಸಲಿಕೆಯದೂ ಇದೆ, ಅದು ನನಗೆ ಚುಚ್ಚುತ್ತದೆ.

ಕಲ್ಲಿದ್ದಲು ಉಳಿಸಿದರೆಂದು ಮ್ಯಾನೇಜರಿಗೆ ದೊಡ್ಡ ಹೋಟೆಲಿನಲ್ಲಿ ಶಾಲು, ಫಲಕ ಸಿಕ್ಕಿತು. ನನ್ನನ್ನು ಗೇಟಿಗೆ ಹಾಕಿದರು. ನಿವೃತ್ತಿಯವರೆಗೆ ಲಾರಿ ನಂಬರ್ ಬರೆದೆ, ಆ ಬೋರ್ಡಿನ ಕೆಳಗೇ ಕೂತು. ಹನುಮೇಶನ ಫೈಲು ಕಳೆದುಹೋಯಿತು ಎಂದರು, ಅವನನ್ನು ಕೆಲಸದಿಂದ ಬಿಡಿಸಿದರು. ಎರಡು ತಿಂಗಳು ಅವನು ನನ್ನ ಜೊತೆ ಮಾತು ಬಿಟ್ಟ. ಕೊನೆಗೆ ಪೈಪಿಗೆ ಹತ್ತಿ ಸುತ್ತಲು ಬಂದಿದ್ದ ಗುತ್ತಿಗೆದಾರನ ಜೊತೆಗೇ ಹೋದ, ಕೆಲಸ ಕಲಿತ. ಈಗ ನಾಲ್ಕು ಜನರನ್ನು ಕಟ್ಟಿಕೊಂಡು ಗಿರಣಿಯಿಂದ ಗಿರಣಿಗೆ ಹೋಗುತ್ತಾನೆ. ಮದುವೆಯೂ ತಡವಾಗಿ ಆಯಿತು, ಕೂಸೂ ತಡವಾಗಿ ಬಂತು.

ಇಪ್ಪತ್ತಾರು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಯಾವ ಕಂಪನಿಯಾದರೂ ಭೂಮಿಗಾಗಿ ಏನೋ ಮಾಡಿದೆ ಎಂದರೆ ಗೇಟಿನಲ್ಲಿ ನಿಂತು ನಂಬಬೇಡಿ. ಹಿಂದಕ್ಕೆ ಹೋಗಿ, ಬೂದಿ ನೋಡಿ, ಅದನ್ನು ಎಳೆಯುವವನನ್ನು ಕೇಳಿ.

ನಿನ್ನೆ ಸಂಜೆ ಹನುಮೇಶ ಕೆಲಸದಿಂದ ಬಂದ. ಗಾಜಿನ ಹತ್ತಿಯ ನವೆ ಕೂಸಿಗೆ ತಾಗಬಾರದೆಂದು ಮೊಳಕೈವರೆಗೆ ಎರಡು ಸಲ ತೊಳೆದುಕೊಂಡ.

“ಇವತ್ತಿನ ಗಿರಣ್ಯಾಗೂ ಎಲಿ ಚಿತ್ರದ ಬೋರ್ಡ್ ಐತಪ್ಪ, ಕಲ್ಲಿದ್ದಲ ಮುಟ್ಟೂದಿಲ್ಲ ಅಂತ” ಎಂದ.

“ಹಿಂದ ಹೋಗಿ ನೋಡಿದೇನು?”

ಅವನು ಊಟದ ಡಬ್ಬಿ ತೆರೆದು ಒಂದು ಕರಿ ಕ್ಲಿಂಕರ್ ತೆಗೆದು ತೋರಿಸಿದ. “ಕೆಲಸ ಇನ್ನಾ ಅರ್ಧಾ ಐತಿ. ಹೋದ್ರ ಹೋಗ್ಲಿ. ನಾಳೆ ಇದನ್ನ ಅಲ್ಲಿ ಮ್ಯಾನೇಜರ್ ಟೇಬಲ್ ಮ್ಯಾಲ ಇಡ್ತೀನಿ.”

ತೊಡೆಯ ಮೇಲಿದ್ದ ಮೊಮ್ಮಗಳು ಬಾಯಿ ತುಂಬ ಆಕಳಿಸಿದಳು. ಅವಳನ್ನು ಅವಳಪ್ಪನ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದೆ. ಓಣಿಗೆ ಹೇಳಲು ಈ ಸಲ ನನ್ನ ಹತ್ತಿರ ಎರಡು ಸುದ್ದಿ ಇದ್ದವು.