ಗುಡಿಯಿಂದ ಮಸೂತಿಗೆ ಹಗ್ಗ ಹಿಡಿದು ನಡೆಸಿದ ಹುಸೇನಮ್ಮನವರು

ನಮ್ಮ ಸೀಮೆಯ ಜನ ಅಂಗನವಾಡಿಯನ್ನು ಇನ್ನೂ ‘ಗಂಜಿ ಸಾಲಿ’ ಎಂದು ಕರೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಮೂವತ್ತನಾಲ್ಕು ವರ್ಷ ಒಂದೇ ಊರಿನ ಕೂಸುಗಳನ್ನು ತೂಗಿ, ಉಣಿಸಿ, ಮಲಗಿಸಿ, ಎಬ್ಬಿಸಿ, ಒಂದನೆಯ ಇಯತ್ತೆಯ ಬಾಗಿಲವರೆಗೆ ಕೈಹಿಡಿದು ತಂದು ಬಿಟ್ಟ ಕಾರ್ಯಕರ್ತೆಯರ ಸಾಲಿನಲ್ಲಿ ಮುದ್ದಲಗಟ್ಟಿಯ ಶ್ರೀಮತಿ ಹುಸೇನಮ್ಮ ತಳವಾರ ಅವರ ಹೆಸರು ಮೊದಲು ಬರಬೇಕಾದದ್ದು. ಅವರು ಭಾಷಣ ಮಾಡಿದವರಲ್ಲ, ಪ್ರಶಸ್ತಿಗೆ ಅರ್ಜಿ ಹಾಕಿದವರಲ್ಲ. ಆದರೂ ನಂಬಿಕೆ, ಜಾತಿ, ಹಬ್ಬ, ಹಸಿವು ಇವೆಲ್ಲ ಒಂದೇ ಓಣಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಬದುಕುವ ಇಂದಿನ ನಮ್ಮ ಹಳ್ಳಿಯನ್ನು ಅವರಷ್ಟು ಚೆನ್ನಾಗಿ ಓದಿದವರನ್ನು ನಾನು ಕಂಡಿಲ್ಲ. ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷ ಮಾಸ್ತರನಾಗಿ ಅವರ ಕೈ ದಾಟಿ ಬಂದ ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು. ಅಷ್ಟು ಸಲುಗೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುದ್ದಲಗಟ್ಟಿಯಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೆ ಮೊಹರಮ್ಮಿನ ಅಲೈ ದೇವರಿದ್ದಾರೆ, ಅವರಿಗೊಂದು ಮಸೂತಿಯಿದೆ, ಪೂಜೆಗೆ ಕುರುಬರ ಬಸೆಟ್ಟೆಪ್ಪನಿದ್ದಾನೆ. ಹುಸೇನಮ್ಮನವರ ತಾಯಿಗೆ ಮೂರು ಕೂಸು ಹೋದ ಮೇಲೆ ಅಲೈ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗಳು ಇವರು. ಅದಕ್ಕೇ ಆ ಹೆಸರು. ಶನಿವಾರ ಹನುಮಪ್ಪನಿಗೆ ಒಪ್ಪತ್ತು, ಮೊಹರಮ್ಮಿನಲ್ಲಿ ಕೊರಳಿಗೆ ಕೆಂಪು ದಾರ, ಇವೆರಡನ್ನೂ ಅವರು ಒಂದು ವರ್ಷವೂ ತಪ್ಪಿಸಿದವರಲ್ಲ. ಒಮ್ಮೆ ಜನಗಣತಿಗೆ ಬಂದ ಗುಮಾಸ್ತರೊಬ್ಬರು ಹೆಸರು ಕೇಳಿ ಧರ್ಮದ ಕಾಲಮ್ಮಿನ ಮುಂದೆ ಪೆನ್ನು ಎತ್ತಿ ಹಿಡಿದು ಕೂತಾಗ, “ಬರಕೊಳ್ರಿ ಸರ, ಹನುಮಪ್ಪಗ ಹೇಳಿದ್ರೂ ನಡೀತದ, ಅಲೈ ದೇವರಿಗೆ ಹೇಳಿದ್ರೂ ನಡೀತದ, ಇಬ್ರೂ ನಮ್ಮೂರವರಽ” ಎಂದು ನಕ್ಕಿದ್ದರಂತೆ.

ಅಂಗನವಾಡಿಗೆ ಸ್ವಂತ ಕಟ್ಟಡ ಇರಲಿಲ್ಲ. ಊರವರು ಹನುಮಪ್ಪನ ಗುಡಿಯ ಪೌಳಿಯಲ್ಲಿ ಜಾಗ ಕೊಟ್ಟಿದ್ದರು. ಗಾಳಿ, ನೆರಳು, ನೀರು ಎಲ್ಲವೂ ಇದ್ದ ಆ ಪೌಳಿಯಲ್ಲಿ ಮೊದಲ ವರ್ಷಗಳು ಯಾವ ತಕರಾರೂ ಇಲ್ಲದೆ ಸಾಗಿದವು. ತಕರಾರು ಬಂದದ್ದು ಮಕ್ಕಳಿಗೆ ಮೊಟ್ಟೆ ಕೊಡಬೇಕೆಂಬ ಆದೇಶ ಬಂದ ಮೇಲೆ. ನಮ್ಮ ಕಡೆ ಅದಕ್ಕೆ ತತ್ತಿ ಎನ್ನುತ್ತಾರೆ. ಗುಡಿಯೊಳಗೆ ತತ್ತಿಯನ್ನು ಒಯ್ಯುವಂತಿಲ್ಲವೆಂದು ಹಿರಿಯರು ಹೇಳಿದರು. ಹೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ, ನಡೆದು ಬಂದದ್ದನ್ನು ನೆನಪಿಸುವ ನಯವಿತ್ತು, ಹುಸೇನಮ್ಮನವರೂ ಎದುರಾಡಲಿಲ್ಲ.

ಆಗ ನಾನು ಅವರಿಗೊಂದು ಉಪಾಯ ಹೇಳಿದೆ. ತತ್ತಿಗಳನ್ನು ಹಸಿಯಾಗಿಯೇ ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿಬಿಡಿ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಸರ, ನೀವು ಸಾಲಿ ಕಲಿಸ್ತೀರಿ, ಅಡಿಗಿಮನಿ ಕಂಡಿಲ್ಲ. ಮನಿಗೆ ಕೊಟ್ಟ ತತ್ತಿ ಗಂಡಸರ ತಾಟಿಗೆ ಹೋಗ್ತದ. ಕೂಸಿಗೆ ಸಿಪ್ಪಿ ಸುಲಿಯೋ ಕೆಲಸ ಸಿಗ್ತದ.”

ಅವರು ಕಂಡುಕೊಂಡ ದಾರಿ ಬೇರೆಯೇ ಇತ್ತು. ಗುಡಿಯಿಂದ ಇನ್ನೂರು ಹೆಜ್ಜೆ ದೂರದ ಮಸೂತಿ ವರ್ಷದಲ್ಲಿ ಮೊಹರಮ್ಮಿನ ದಿನಗಳನ್ನು ಬಿಟ್ಟರೆ ಬಾಗಿಲು ಹಾಕಿಕೊಂಡೇ ಇರುತ್ತದೆ. ಅದರ ಮುಂದಿನ ಕಟ್ಟೆ ಬೇವಿನ ನೆರಳಿನಲ್ಲಿ ಖಾಲಿ ಬಿದ್ದಿರುತ್ತದೆ. ಬಸೆಟ್ಟೆಪ್ಪನನ್ನು ಕೇಳಿ ಆ ಕಟ್ಟೆಯ ಮೂಲೆಯಲ್ಲಿ ಒಲೆ ಹೂಡಿದರು. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬಾವಿಯ ಹಳೆಯ ಹಗ್ಗವೊಂದಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿ, ಗಂಟಿಗೊಂದು ಕೂಸನ್ನು ಹಿಡಿಸಿ, ಮುಂದೆ ತಾವು, ಹಿಂದೆ ಸಹಾಯಕಿ ನಿಂಗಮ್ಮ, ಹೀಗೆ ಗುಡಿಯಿಂದ ಮಸೂತಿಗೆ ಮೆರವಣಿಗೆ ಹೊರಡುತ್ತಿತ್ತು. ಅಲ್ಲಿ ತತ್ತಿ ತಿಂದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು, ಅದೇ ಹಗ್ಗ ಹಿಡಿದು ಮಕ್ಕಳು ಹನುಮಪ್ಪನ ಪೌಳಿಗೆ ಮರಳಿ ಬಂದು ಮಲಗುತ್ತಿದ್ದವು. ಯಾವ ಗಂಟಿಗೆ ಯಾವ ಓಣಿಯ ಕೂಸು ಎಂಬುದನ್ನು ಅವರು ಪ್ರತಿ ಸಲವೂ ಬದಲಿಸುತ್ತಿದ್ದರು. ಮೊದಮೊದಲು ಇದನ್ನು ಗಮನಿಸಿ ಗೊಣಗಿದ ತಾಯಂದಿರು, ಆಮೇಲಾಮೇಲೆ ತಮ್ಮ ಕೂಸು ಹಗ್ಗದ ತುದಿಯಲ್ಲಿ ಹಿಂದೆ ಬಿದ್ದರೆ ಮಾತ್ರ ಗೊಣಗುವವರಾದರು.

ಮೊದಲ ವಾರದಲ್ಲೇ ಕಟಿಂಗ್ ಅಂಗಡಿಯ ಮುಂದೆ ಯಾರೋ, “ಸರಕಾರದ ತತ್ತಿ ತಳವಾರ ಬಾಯಿಯ ಮನ್ಯಾಗ ಸಾರಾಗ್ತದ ಬಿಡ್ರಿ” ಎಂದು ಅವರಿಗೆ ಕೇಳುವಂತೆಯೇ ಆಡಿಕೊಂಡರು. ಹುಸೇನಮ್ಮನವರು ನಿಂತು ಜಗಳ ತೆಗೆಯಲಿಲ್ಲ. ಮಸೂತಿಯ ಹೊಸ್ತಿಲ ಮುಂದೆ ಹೋಗಿ, ತಮ್ಮ ನೌಕರಿ ಮುಗಿಯುವ ದಿನದವರೆಗೆ ತಮ್ಮ ಬಾಯಿಗೆ ತತ್ತಿ ಇಲ್ಲ ಎಂದು ಹರಕೆ ಹೊತ್ತು ಬಂದರು. ಕೋಳಿ ಸಾರು ಅಂದರೆ ಜೀವ ಬಿಡುತ್ತಿದ್ದ ಮನೆತನ ಅವರದು. ಅದು ನಿಲ್ಲಲಿಲ್ಲ. ನಿಂತದ್ದು ತತ್ತಿ ಮಾತ್ರ.

ಈ ಏರ್ಪಾಡು ಹನ್ನೊಂದು ವರ್ಷ ನಡೆಯಿತು. ಅದರಲ್ಲಿ ಎರಡು ತೊಡಕಿದ್ದವು. ಮೊಹರಮ್ಮಿಗೆ ಮಸೂತಿಯ ಮುಂದೆ ಬೆಂಕಿಯ ಕುಣಿ ತೋಡಲು ಗುದ್ದಲಿ ಬಿದ್ದ ಮೇಲೆ ಹತ್ತು ದಿನ ಕಟ್ಟೆಯ ಮೇಲೆ ಒಲೆ ಉರಿಸುವಂತಿರಲಿಲ್ಲ. ಶ್ರಾವಣದಲ್ಲಿ ಇಡೀ ಊರಿನಲ್ಲಿ ಯಾರ ಮನೆಯಲ್ಲೂ ತತ್ತಿ ಬೇಯುತ್ತಿರಲಿಲ್ಲ. ಮೊಹರಮ್ಮು ಬಂದಾಗ ಅವರು ಒಲೆಯನ್ನು ತಮ್ಮ ಮನೆಯಂಗಳಕ್ಕೆ ಒಯ್ಯುತ್ತಿದ್ದರು. ಶ್ರಾವಣ ಬಂದಾಗ ಮಸೂತಿಯ ಕಟ್ಟೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ಏಕೆಂದರೆ ಅಲೈ ದೇವರಿಗೆ ಶ್ರಾವಣವಿಲ್ಲ. ಒಂದಕ್ಕೊಂದು ಆಧಾರವಾಗಿ ಹೀಗೆ ಸಾಗುತ್ತಿದ್ದಾಗ, ಅಮಾವಾಸ್ಯೆಯ ಮರುದಿನಗಳಲ್ಲಿ ಕಂಡ ಒಂದೇ ಚಂದ್ರನ ಎಳೆಯಿಂದ ಶ್ರಾವಣವೂ ಮೊಹರಮ್ಮೂ ಒಟ್ಟಿಗೆ ಹುಟ್ಟುವ ವರ್ಷ ಬಂದಿತು. ಕಟ್ಟೆಯೂ ಮುಚ್ಚುತ್ತಿತ್ತು, ತಳವಾರರ ಅಂಗಳವೂ ಮುಚ್ಚುತ್ತಿತ್ತು. ಶ್ರಾವಣದಲ್ಲಿ ಮನೆಯಂಗಳದಲ್ಲಿ ತತ್ತಿ ಬೇಯಿಸಲು ಅವರ ಅತ್ತೆ ಜೀವ ಹೋದರೂ ಒಪ್ಪುವವರಲ್ಲ.

ಅದೇ ವರ್ಷ ಕಲ್ಲು ಒಡೆಯುವ ದುರಗಪ್ಪನ ಮಗಳು, ಮೂರು ವರ್ಷದ ಸಿಂಚನಾ, ತೂಕದ ಪಟ್ಟಿಯಲ್ಲಿ ಕೆಂಪು ಗೆರೆಯ ಕೆಳಗಿದ್ದಳು. ತಾಯಿ ಇನ್ನೊಂದು ಬಾಣಂತನದಲ್ಲಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ದಿನಾ ಒಂದು ತತ್ತಿ ತಪ್ಪಿಸಬೇಡಿ, ತಪ್ಪಿದರೆ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು. ಈ ಮಗು ಒಂದು ಜ್ವರ ಬಂದರೆ ಉಳಿಯುವುದಿಲ್ಲವೆಂದು ಹುಸೇನಮ್ಮನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ; ಅವರ ತಾಯಿ ಕಳಕೊಂಡ ಮೂರು ಕೂಸುಗಳ ಕಥೆ ಕೇಳಿಯೇ ಅವರು ಬೆಳೆದಿದ್ದರು.

ಹಬ್ಬದ ಏರ್ಪಾಡು ಮಾತಾಡಲು ಅಮಾವಾಸ್ಯೆಯ ಸಂಜೆ ಹಿರಿಯರೆಲ್ಲ ಹನುಮಪ್ಪನ ಪೌಳಿಯಲ್ಲಿ ಸೇರುವುದು ವಾಡಿಕೆ. ಗುಡಿಯ ಹಿರಿಯರೂ ಅವರೇ, ಮಸೂತಿಯ ಹಿರಿಯರೂ ಅವರೇ. ಆ ಸಂಜೆ ಹುಸೇನಮ್ಮನವರು ಮಕ್ಕಳನ್ನು ತೂಗುವ ಜೋಲಿ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು, ಸಿಂಚನಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಪೌಳಿಯ ತೊಲೆಗೆ ತಕ್ಕಡಿ ತೂಗುಹಾಕಿದರು.

“ಏನವ ಹುಸೇನಮ್ಮ, ಇವತ್ತ ನಮ್ಮನ್ನ ತೂಗಾಕ ಬಂದಿ ಏನು?” ಎಂದರು ಹಿರಿಯರಾದ ಹನುಮನಗೌಡರು.

“ನಿಮ್ಮನ್ನ ತೂಗಿದ್ರ ಹನುಮಪ್ಪನ ತೊಲಿ ಮುರೀತದ್ರಿ ಗೌಡ್ರ. ಇದನ್ನ ನೋಡ್ರಿ ಸಾಕು.”

ಕೂಸನ್ನು ಜೋಲಿಯಲ್ಲಿ ಕೂರಿಸಿದರು. ಮುಳ್ಳು ಒಂಬತ್ತರ ಮೇಲೆ ಒಂದು ಗೆರೆ ಏರಿ ನಿಂತಿತು. ತಕ್ಕಡಿ ಸರಿ ಇದೆಯೋ ಇಲ್ಲವೋ ಎಂದು ಯಾರೋ ಅನುಮಾನ ತೆಗೆದಾಗ ಗೌಡರ ಸ್ವಂತ ಮೊಮ್ಮಗಳನ್ನೇ ಕರೆದು ಕೂರಿಸಿದರು. ಅದೇ ವಯಸ್ಸಿನ ಆ ಹುಡುಗಿಗೆ ಮುಳ್ಳು ಹದಿಮೂರು ದಾಟಿತು. ತಕ್ಕಡಿಯ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

“ಹತ್ತು ದಿನಕ್ಕ ಏನಾಗ್ತದ ಬಿಡವ” ಎಂದ ಬಸೆಟ್ಟೆಪ್ಪ, ಆದರೆ ನೆಲ ನೋಡುತ್ತ.

“ನಮಗ ಹತ್ತು ದಿನ ಏನೂ ಅಲ್ಲೋ ಯಣ್ಣ, ಈ ಕೂಸಿಗೆ ಹತ್ತು ದಿನ ಬಾಳ. ಗುಡಿಗೆ ತರಬ್ಯಾಡ ಅಂದ್ರಿ, ಹನ್ನೊಂದು ವರ್ಷ ತರಲಿಲ್ಲ. ಈಗ ಕಟ್ಟಿಗೂ ಬ್ಯಾಡ. ನಾನೂ ಶ್ರಾವಣ ಹಿಡಿಯಾಕೀನ, ನಾನೂ ಕೆಂಪು ದಾರ ಕಟ್ಟಾಕೀನ. ಈ ಕೂಸು ಎಂದರ ಶ್ರಾವಣ ಹಿಡೀತೀನಿ ಅಂದದ ಏನ್ರಿ? ನಿಮ್ಮ ಜೋಡಿ ವಾದ ಮಾಡಾಕ ಬಂದಿಲ್ಲ. ಜಾಗ ಹೇಳ್ರಿ, ಅಷ್ಟ.”

ಗೋಡೆಯ ಬದಿಯಲ್ಲಿ ಹೆಂಗಸರ ಜೊತೆ ಕೂತಿದ್ದ ಸಂಗನಬಸವ್ವನವರು ಆಗ ಕೈಯೂರಿ ಮೇಲೆದ್ದರು. ದಿನವೂ ಲಿಂಗಪೂಜೆ ಮಾಡುವ ಎಪ್ಪತ್ತೈದರ ಹಿರಿಜೀವ. ಅವರ ಮನೆಯ ಹೊಸ್ತಿಲನ್ನು ತತ್ತಿಯ ವಾಸನೆಯೂ ದಾಟಿದ್ದಿಲ್ಲ.

“ನಮ್ಮ ದನದ ಕೊಟ್ಟಿಗಿಗೆ ಬಾ” ಎಂದರು.

“ಅವ್ವಾರ, ನಿಮ್ಮನ್ಯಾಗ ತತ್ತಿ?” ಎಂದು ಗೌಡರೇ ಬೆರಗಾದರು.

“ಮನ್ಯಾಗಲ್ಲಪ, ಕೊಟ್ಟಿಗ್ಯಾಗ. ದಿನಾ ಮುಂಜಾನೆ ಇವರೆಲ್ಲರ ಕೋಳಿ ಬಂದು ಅಲ್ಲಿ ಕಾಲು ಕೆದರಿ ಹೋಗ್ತಾವ, ಯಾರೂ ಮೈಲಿಗಿ ಅಂದಿಲ್ಲ. ಕೋಳಿ ಬಂದ್ರ ನಡೀತದ, ತತ್ತಿ ಬಂದ್ರ ನಡೆಯಂಗಿಲ್ಲ, ಇದ್ಯಾವ ಊರ ನ್ಯಾಯ?”

ಮೊದಲು ನಕ್ಕವನು ಬಸೆಟ್ಟೆಪ್ಪ. ಆಮೇಲೆ ಪೌಳಿಯೆಲ್ಲ ನಕ್ಕಿತು. ಗೌಡರು ನಗಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆಯನ್ನು ಅವರಿಂದ ಯಾರೂ ಪಡೆದಿರಲಿಲ್ಲ.

ಮರುದಿನದಿಂದ ಹಗ್ಗದ ಮೆರವಣಿಗೆ ಕೊಟ್ಟಿಗೆಯ ದಾರಿ ಹಿಡಿಯಿತು. ಸಿಂಚನಾಳಿಗೆ ಮಾತ್ರ ದಿನವೂ. ಮೊದಲ ವಾರ ಸಂಗನಬಸವ್ವನವರು ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಎರಡನೆಯ ವಾರ ನಿಂಗಮ್ಮ ಜ್ವರದಲ್ಲಿ ಮಲಗಿದ ದಿನ, ಮೂವತ್ತು ಕೂಸುಗಳು ಕೈ ಚಾಚಿ ಗಲಾಟೆ ಎಬ್ಬಿಸಿದ್ದನ್ನು ತಡೆಯಲಾರದೆ, ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಮುಖ ಆಚೆ ಮಾಡಿ, ತಾವೇ ಸಿಪ್ಪೆ ಸುಲಿಯಲು ಕೂತರು. ಹುಸೇನಮ್ಮನವರು ಅದನ್ನು ನೋಡಿಯೂ ನೋಡದಂತೆ ಒಲೆಯ ಮುಂದೆ ಇದ್ದುಬಿಟ್ಟರು. “ಆಗ ನಾ ಒಂದು ಮಾತಾಡಿದ್ರೂ ಅವ್ವಾರು ಎದ್ದು ಹೋಗ್ತಿದ್ರು ಸರ” ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದರು. ಅವರ ಇಡೀ ವೃತ್ತಿಜೀವನದ ಜಾಣತನ ಆ ಒಂದು ಮೌನದಲ್ಲಿದೆ ಎಂದು ನನ್ನ ಎಣಿಕೆ.

ಸಿಂಚನಾಳಿಗೆ ಜ್ವರ ಬಂದೇ ಬಂದಿತು, ಆದರೆ ಶ್ರಾವಣ ಕಳೆದ ಮೇಲೆ. ಅಷ್ಟರಲ್ಲಿ ಅದನ್ನು ತಡೆಯುವಷ್ಟು ಮೈ ಆ ಕೂಸಿಗೆ ಬಂದಿತ್ತು. ದೀಪಾವಳಿಯ ಹೊತ್ತಿಗೆ ಮುಳ್ಳು ಹತ್ತೂವರೆಯ ಮೇಲೆ ನಿಂತಿತು. ಯುಗಾದಿಯ ತಿಂಗಳು ಹುಸೇನಮ್ಮನವರು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹಸಿರು ಚುಕ್ಕೆ ಇಟ್ಟು, ಆ ಪಟ್ಟಿಯನ್ನು ಗೌಡರ ಮನೆಗೇ ಒಯ್ದು ತೋರಿಸಿ ಬಂದರು.

ಮೊಹರಮ್ಮಿನ ಗುದ್ದಲಿ ವರ್ಷಕ್ಕೊಮ್ಮೆ ಹೊರಬಂದು, ಕುಣಿ ತೋಡಿ, ಹಬ್ಬ ಮುಗಿದ ಮೇಲೆ ಮತ್ತೆ ಬಟ್ಟೆ ಸುತ್ತಿಸಿಕೊಂಡು ಮಸೂತಿಯ ಅಟ್ಟ ಸೇರುವುದು ರೂಢಿ. ಆ ವರ್ಷ ಕುಣಿ ಮುಚ್ಚಿದ ಮೇಲೆ ಬಸೆಟ್ಟೆಪ್ಪ ಅದನ್ನು ಅಟ್ಟಕ್ಕಿಡದೆ ಹೆಗಲ ಮೇಲಿಟ್ಟುಕೊಂಡು ನೇರ ಗೌಡರ ಮುಂದೆ ಹೋಗಿ ನಿಂತ. “ಗೌಡ್ರ, ಇನ್ನೊಂದು ಕುಣಿ ತೋಡೋದು ಉಳದದ. ಜಾಗ ಹೇಳ್ರಿ.” ಗುಡಿಗೂ ಮಸೂತಿಗೂ ನಡುವಿನ ತಮ್ಮ ಕಣದ ಜಾಗವನ್ನು ಗೌಡರು ತೋರಿಸಿದರು. ಅದೇ ಗುದ್ದಲಿಯಿಂದ ಅಂಗನವಾಡಿಯ ಬುನಾದಿಗೆ ಮೊದಲ ಮಣ್ಣು ಎದ್ದಿತು. ಮುಂದೆ ಮಂಜೂರಾತಿ ಬಂತು, ದುರಗಪ್ಪನೇ ಕಲ್ಲು ಕಡಿದುಕೊಟ್ಟ, ಎರಡು ವರ್ಷಕ್ಕೆ ಕಟ್ಟಡ ಎದ್ದು ನಿಂತಿತು. ಅದರ ಗೋಡೆಗೆ ಈಗಲೂ ಆ ಗಂಟು ಹಗ್ಗ ತೂಗುಬಿದ್ದಿದೆ. ನಡೆಯಬೇಕಾದ ದೂರ ಇಲ್ಲವಾದರೂ ಮಕ್ಕಳು ಅದನ್ನು ಬಿಡಲೊಲ್ಲವು; ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು ಹೊಡೆದು ಬಂದ ಮೇಲೆಯೇ ತತ್ತಿಗೆ ಕೈ ಚಾಚುವುದು.

ಕಳೆದ ಮೇ ತಿಂಗಳ ಕೊನೆಯ ಶುಕ್ರವಾರ ಹುಸೇನಮ್ಮನವರ ಸೇವೆಯ ಕೊನೆಯ ತತ್ತಿಯ ದಿನ. ಊರು ನೆರೆದಿತ್ತು. ಈಗ ಒಂದನೆಯ ಇಯತ್ತೆಗೆ ಹೊರಟಿರುವ ಸಿಂಚನಾ ಹಾರ ಹಾಕಿದಳು. ಗೌಡರು ಶಾಲು ಹೊದಿಸಿ, ತೊಲೆ ಮುರಿಯುವ ಮಾತನ್ನು ತಾವೇ ನೆನಪಿಸಿ ನಗಿಸಿದರು. ಅದೆಲ್ಲ ಮುಗಿದ ಮೇಲೆ, ಎಂಬತ್ತರ ಹತ್ತಿರದ ಸಂಗನಬಸವ್ವನವರು ಪಾತ್ರೆಯ ಬಳಿ ಹೋಗಿ ಒಂದು ತತ್ತಿ ಎತ್ತಿಕೊಂಡರು. ಸೆರಗು ಹೆಗಲ ಮೇಲೆಯೇ ಇತ್ತು. ಬರಿಗೈಯಲ್ಲಿ ನಿಧಾನವಾಗಿ ಸಿಪ್ಪೆ ಸುಲಿದು, ಉಪ್ಪು ಸವರಿ, ಹುಸೇನಮ್ಮನವರ ಬಾಯ ಹತ್ತಿರ ಹಿಡಿದರು.

“ತಗೊ. ಹರಕಿ ಮುಗೀತು. ಉಪ್ಪು ಹೆಚ್ಚಾದ್ರ ಬೈಬ್ಯಾಡ, ನನಗ ರುಚಿ ನೋಡಾಕ ಬರಂಗಿಲ್ಲ.”

ಹುಸೇನಮ್ಮನವರು ತಿಂದರು. ಹಗ್ಗ ಹಿಡಿದು ನಿಂತಿದ್ದ ಮೂವತ್ತು ಕೂಸುಗಳೇ ಮೊದಲು ಹೋ ಎಂದು ಕೂಗಿದವು.

ಹುಸೇನಮ್ಮನವರ ಕೈ ಇನ್ನೂ ಬಹುಕಾಲ ಸುಮ್ಮನಿರದಿರಲಿ. ತಕ್ಕಡಿಯನ್ನು ಹೊಸ ಕಾರ್ಯಕರ್ತೆಗೆ ಒಪ್ಪಿಸಿದರೂ, ಮುಂಜಾನೆ ಅಂಗಳಕ್ಕೆ ಬಂದು ಹಗ್ಗದ ಮುಂತುದಿ ತಾವೇ ಹಿಡಿಯುವುದಾಗಿ ಅವರು ಈಗಾಗಲೇ ಹೇಳಿಬಿಟ್ಟಿದ್ದಾರೆ. ಹನುಮಪ್ಪನೂ ಅಲೈ ದೇವರೂ ಅವರಿಗೆ ನೂರು ವರ್ಷದ ನಡಿಗೆ ಕೊಡಲಿ. ಹಿಂದೆ ಹಿಡಿಯುವ ಪುಟ್ಟ ಕೈಗಳಿಗೆ ನಮ್ಮ ಊರಲ್ಲಿ ಎಂದೂ ಬರವಿಲ್ಲ.