ಸುಮಾರಾಗವೆ ಎನ್ನುತ್ತಿದ್ದ ಅಜ್ಜಿ

ಚಂದಕವಾಡಿಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಪಕ್ಕದ ಮನೆಯ ಅಜ್ಜಿ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಯಲ್ಲಿ ‘ಚೆನ್ನಾಗಿವೆ’ ಎಂದರೆ ದೃಷ್ಟಿಯಾಗುತ್ತದೆಂದು ಅವರ ನಂಬಿಕೆ. ಯಾರು ಕೇಳಿದರೂ ಸೊಪ್ಪು ಹಾಕುತ್ತಲೇ, ತಲೆಯೆತ್ತದೆ, “ಏನೋ, ಸುಮಾರಾಗವೆ ಕಣಪ್ಪ” ಎನ್ನುತ್ತಿದ್ದರು.

ಅವರ ಮೊಮ್ಮಗಳು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದಾಗ ನಾನೇ ಓಡಿಹೋಗಿ ಹೇಳಿದೆ. ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿ, ಕೆನ್ನೆಗೆ ಮಸಿಬೊಟ್ಟಿಟ್ಟು, “ಸುಮಾರಾಗಿ ಓದವ್ಳೆ. ಯಾರಾರ ಕೇಳುದ್ರೆ ನೀನೂ ಅಂಗೇ ಅನ್ನು ಕಣಮ್ಮಿ” ಎಂದರು. ಸಂಜೆ ಹುಡುಗಿ ನನ್ನ ಬಳಿ ಬಂದಳು. “ಸಾರ್, ಇನ್ನೆಷ್ಟು ಓದುದ್ರೆ ಅಜ್ಜಿ ಚೆನ್ನಾಗಿ ಓದವ್ಳೆ ಅಂತದೆ?” ಎಂದಳು.

ಅದೇ ತಿಂಗಳು, ಗೂಡು ಕಟ್ಟುವ ಹೊತ್ತಿಗೆ ರೋಗ ತಗುಲಿ ಹುಳುಗಳೆಲ್ಲ ಸತ್ತವು. ಗುಂಡಿಗೆ ಸುರಿದು, ಮಣ್ಣು ಮುಚ್ಚಿ, ಅಜ್ಜಿ ಅಲ್ಲೇ ನಿಂತರು. “ಬಲು ಚೆನ್ನಾಗಿದ್ದೊ ಮೇಷ್ಟ್ರೆ” ಎಂದರು.

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಈಗ ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳು ಸಿಕ್ಕಾಗಲೆಲ್ಲ, “ಅಜ್ಜಿ ಇವತ್ತಿಗೂ ಸುಮಾರು ಅಂತದೆ ಸಾರ್” ಎಂದು ಮುಖ ಸಣ್ಣದು ಮಾಡುತ್ತಾಳೆ. ಆ ಇನ್ನೊಂದು ಮಾತು ಅವಳಿಗೆ ಸಿಗಲಿ ಎನ್ನಲೋ, ಸಿಗದಿರಲಿ ಎನ್ನಲೋ, ನನಗೆ ತಿಳಿಯುತ್ತಿಲ್ಲ.